ಪರದೆಯ ಮೇಲಿನ ಗೆರೆ: ಸ್ಯಾನ್ ಹುವಾನ್‌ನ ಹವಾಮಾನ ರಾಡಾರ್ ಮತ್ತು 5.6 ಗಿಗಾಹರ್ಟ್ಸ್‌ನ ವೈರ್‌ಲೆಸ್ ಇಂಟರ್‌ನೆಟ್

2009ರ ಆರಂಭದಲ್ಲಿ ಪೋರ್ಟೊ ರಿಕೊದ ಸ್ಯಾನ್ ಹುವಾನ್ ವಿಮಾನ ನಿಲ್ದಾಣವನ್ನು ಕಾಯುವ ಡಾಪ್ಲರ್ ರಾಡಾರ್‌ನ (ಮಳೆಯ ಜತೆ ಗಾಳಿಯ ವೇಗವನ್ನೂ ಅಳೆಯುವ ರಾಡಾರ್) ಪರದೆಯ ಮೇಲೆ, ನಡುಬಿಂದುವಿನಿಂದ ಅಂಚಿನವರೆಗೆ ನೆಟ್ಟಗೆ ಚಾಚಿದ ಗೆರೆಗಳು ಕಾಣಿಸತೊಡಗಿದವು. ಮಳೆ ಹಾಗೆ ಕಾಣುವುದಿಲ್ಲ. ಮೋಡ ಎಲ್ಲೋ ಒಂದು ದೂರದಲ್ಲಿ ಶುರುವಾಗಿ ಇನ್ನೊಂದು ದೂರದಲ್ಲಿ ಮುಗಿಯುತ್ತದೆ. ಹತ್ತಿರದಿಂದ ದೂರದವರೆಗೆ ಎಲ್ಲ ಅಂತರಗಳಲ್ಲೂ ಒಂದೇ ಸಮನೆ ಪ್ರತಿಧ್ವನಿ ಬಂದಂತೆ ತೋರಿದರೆ ಅದು ಪ್ರತಿಧ್ವನಿಯೇ ಅಲ್ಲ. ಆ ದಿಕ್ಕಿನಲ್ಲಿ ಯಾರದೋ ಟ್ರಾನ್ಸ್‌ಮಿಟರ್ ಅದೇ ಫ್ರೀಕ್ವೆನ್ಸಿಯಲ್ಲಿ ಪ್ರಸಾರ ಮಾಡುತ್ತಿದೆ ಎಂದರ್ಥ. ಅಮೆರಿಕದ ವಿಮಾನಯಾನ ಆಡಳಿತ (ಎಫ್‌ಎಎ) ದೂರು ಕೊಟ್ಟಿತು. ಸರ್ಕಾರಿ ಸ್ಪೆಕ್ಟ್ರಮ್ (ರೇಡಿಯೊ ಫ್ರೀಕ್ವೆನ್ಸಿಗಳ ಬಳಕೆ) ನೋಡಿಕೊಳ್ಳುವ ಎನ್‌ಟಿಐಎ ಮತ್ತು ಖಾಸಗಿ ಬಳಕೆಯನ್ನು ನಿಯಂತ್ರಿಸುವ ಎಫ್‌ಸಿಸಿ, ಎರಡೂ ಸಂಸ್ಥೆಗಳ ಎಂಜಿನಿಯರ್‌ಗಳು ಮೂಲ ಹುಡುಕಲು ಇಳಿದರು. ಸಿಕ್ಕಿದ್ದು ಮನೆಗಳಿಗೆ, ಕಚೇರಿಗಳಿಗೆ ಇಂಟರ್‌ನೆಟ್ ಹಂಚುವ ವೈರ್‌ಲೆಸ್ ಕಂಪನಿಗಳ ಟವರ್‌ಗಳು.

ಇದನ್ನು ಅಧ್ಯಯನಕ್ಕೆ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ನಿಯಮ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅಂತಾರಾಷ್ಟ್ರೀಯ ಒಪ್ಪಂದವಿತ್ತು, ದೇಶದ ಕಾನೂನಿತ್ತು, ಪವರ್ ಮಿತಿಯಿತ್ತು, ರಾಡಾರ್ ಕಂಡರೆ ಉಪಕರಣ ತಾನೇ ಜಾಗ ಖಾಲಿ ಮಾಡಬೇಕೆಂಬ ಷರತ್ತೂ ಇತ್ತು. ಪ್ರಯೋಗಾಲಯದಲ್ಲಿ ಪಾಸಾದ ಪೆಟ್ಟಿಗೆ ಟವರ್ ಏರಿದ ಮೇಲೆ ಈ ಎಲ್ಲವೂ ಎಲ್ಲಿ ಜಾರಿದವು ಎಂಬುದೇ ಪ್ರಕರಣದ ಹುರುಳು.

ರಾಡಾರ್ ಯಾಕೆ ಅಲ್ಲಿದೆ

ಟರ್ಮಿನಲ್ ಡಾಪ್ಲರ್ ವೆದರ್ ರಾಡಾರ್ (ಟಿಡಿಡಬ್ಲ್ಯುಆರ್) ಅಮೆರಿಕದ 45 ಕಡೆ ನಿಂತು ದೊಡ್ಡ ವಿಮಾನ ನಿಲ್ದಾಣಗಳನ್ನು ಕಾಯುತ್ತದೆ. 1985ರ ಆಗಸ್ಟ್ 2ರಂದು ಡಲ್ಲಾಸ್-ಫೋರ್ಟ್‌ವರ್ತ್‌ನಲ್ಲಿ ಇಳಿಯುತ್ತಿದ್ದ ಡೆಲ್ಟಾ 191 ವಿಮಾನ ಮೈಕ್ರೋಬರ್ಸ್ಟ್‌ಗೆ ಸಿಕ್ಕಿ ಅಪ್ಪಳಿಸಿತು. 137 ಜನ ಸತ್ತರು. ಮೈಕ್ರೋಬರ್ಸ್ಟ್ ಎಂದರೆ ಗುಡುಗುಮೋಡದ ಅಡಿಯಿಂದ ಒಮ್ಮೆಲೇ ಕೆಳಕ್ಕೆ ಕುಸಿದು ನೆಲ ತಾಕಿ ಸುತ್ತಲೂ ಚಿಮ್ಮುವ ಗಾಳಿ. ಇಳಿಯುವ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗುತ್ತದೆ, ಪೈಲಟ್ ವೇಗ ತಗ್ಗಿಸುತ್ತಾನೆ, ಕೆಲವೇ ಸೆಕೆಂಡುಗಳಲ್ಲಿ ಅದೇ ಗಾಳಿ ಹಿಂದಿನಿಂದ ಬೀಸಿ ರೆಕ್ಕೆಗಳ ಎತ್ತುವ ಬಲವನ್ನೇ ಕಸಿಯುತ್ತದೆ. ಇದನ್ನು ನಿಮಿಷಗಳ ಮುಂಚೆ ಹಿಡಿಯಲೆಂದೇ ಈ ರಾಡಾರ್‌ಗಳನ್ನು ನಿಲ್ಲಿಸಿದ್ದು.

ಅವು ಕೆಲಸ ಮಾಡುವುದು 5600ರಿಂದ 5650 ಮೆಗಾಹರ್ಟ್ಸ್ ನಡುವೆ. ಸ್ಯಾನ್ ಹುವಾನ್‌ನದು 5610 ಮೆಗಾಹರ್ಟ್ಸ್. ವಿಮಾನ ನಿಲ್ದಾಣದ ಪಶ್ಚಿಮಕ್ಕೆ ಕರಾವಳಿಯಲ್ಲಿದೆ. ಪ್ರಸಾರದ ಗರಿಷ್ಠ ಪವರ್ 250 ಕಿಲೋವಾಟ್, ಆಂಟೆನಾದ ಗೇನ್ (ಒಂದೇ ದಿಕ್ಕಿಗೆ ಪವರ್ ಒಗ್ಗೂಡಿಸುವ ಪ್ರಮಾಣ) ಸುಮಾರು 50 ಡಿಬಿಐ (ಡೆಸಿಬೆಲ್ ಲೆಕ್ಕ: ಪ್ರತಿ 10ಕ್ಕೆ ಹತ್ತು ಪಟ್ಟು), ಕಿರಣದ ಅಗಲ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಪಲ್ಸ್‌ನ (ಒಂದು ಮಿಡಿತದ ಪ್ರಸಾರದ) ಉದ್ದ 1.1 ಮೈಕ್ರೋಸೆಕೆಂಡ್. ಮಳೆಹನಿಯಿಂದ, ಧೂಳಿನಿಂದ, ಕೀಟದಿಂದ ಮರಳುವ ಕ್ಷೀಣ ಸಂಕೇತವನ್ನೂ ಕೇಳಿಸಿಕೊಳ್ಳಬೇಕಾದ ಯಂತ್ರ ಇದು. ಅಷ್ಟು ಸೂಕ್ಷ್ಮವಾದ ಕಿವಿಗೆ ನೆರೆಯವರ ಮಾತೂ ಬೀಳುತ್ತದೆ.

ಕಾಗದದ ಮೇಲಿದ್ದ ನಿಯಮ

2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನ 5150–5350 ಮತ್ತು 5470–5725 ಮೆಗಾಹರ್ಟ್ಸ್ ಪಟ್ಟಿಗಳನ್ನು (ಬ್ಯಾಂಡ್‌ಗಳನ್ನು) ವೈರ್‌ಲೆಸ್ ಲ್ಯಾನ್‌ಗೆ, ಅಂದರೆ ವೈ-ಫೈಯಂಥ ಬಳಕೆಗೆ, ಷರತ್ತಿನ ಮೇಲೆ ತೆರೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಎಫ್‌ಸಿಸಿ 5470–5725ನ್ನು ತನ್ನ ಪಾರ್ಟ್ 15 ನಿಯಮಗಳ ಅಡಿ ಲೈಸೆನ್ಸ್ ಇಲ್ಲದ ಬಳಕೆಗೆ ಬಿಟ್ಟಿತು. ಪರೀಕ್ಷಾ ವಿಧಾನ ಅಂತಿಮವಾಗಿದ್ದು 2006ರಲ್ಲಿ. ಅಂದರೆ ಉಪಕರಣಗಳು ಮಾರುಕಟ್ಟೆಗೆ ಬಂದು ಮೂರು ವರ್ಷ ತುಂಬುವುದರೊಳಗೆ ರಾಡಾರ್ ಪರದೆಯಲ್ಲಿ ಗೆರೆ ಬಿದ್ದಿತ್ತು.

ಪವರ್ ಲೆಕ್ಕ ಹೀಗಿದೆ. ಟ್ರಾನ್ಸ್‌ಮಿಟರ್‌ನಿಂದ ಆಂಟೆನಾದ ಬಾಯಿಗೆ ಬರುವ ಪವರ್ 250 ಮಿಲಿವಾಟ್ (24 ಡಿಬಿಎಂ, ಅಂದರೆ 1 ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್) ಅಥವಾ 11 ಡಿಬಿಎಂಗೆ ಚಾನೆಲ್ ಅಗಲದ (ಮೆಗಾಹರ್ಟ್ಸ್‌ಗಳಲ್ಲಿ) ಲಾಗರಿದಮ್‌ನ ಹತ್ತು ಪಟ್ಟು ಕೂಡಿಸಿದಷ್ಟು, ಎರಡರಲ್ಲಿ ಯಾವುದು ಕಡಿಮೆಯೋ ಅದು. 20 ಮೆಗಾಹರ್ಟ್ಸ್ ಚಾನೆಲ್‌ಗೆ 24, 10ಕ್ಕೆ 21, 5ಕ್ಕೆ 18 ಡಿಬಿಎಂ. ಆಂಟೆನಾದ ಗೇನ್ 6 ಡಿಬಿಐ ದಾಟಿದರೆ, ದಾಟಿದಷ್ಟು ಡೆಸಿಬೆಲ್ ಟ್ರಾನ್ಸ್‌ಮಿಟರ್ ಪವರ್‌ನಲ್ಲಿ ಕಡಿತ. ಹಾಗಾಗಿ ಆಂಟೆನಾದ ಗೇನ್ ಸೇರಿಸಿ ಒಂದು ದಿಕ್ಕಿಗೆ ಲೆಕ್ಕಕ್ಕೆ ಬರುವ ಪವರ್, ಅಂದರೆ ಇಐಆರ್‌ಪಿ, ಏನೇ ಮಾಡಿದರೂ 1 ವಾಟ್ (30 ಡಿಬಿಎಂ) ಮೀರುವಂತಿಲ್ಲ.

ರಾಡಾರ್ ರಕ್ಷಣೆಗೆ ಇಟ್ಟ ಷರತ್ತು ಡಿಎಫ್‌ಎಸ್, ಅಂದರೆ ರಾಡಾರ್ ಕಂಡೊಡನೆ ಚಾನೆಲ್ ಬದಲಿಸುವ ವ್ಯವಸ್ಥೆ. ಚಾನೆಲ್ ಹಿಡಿಯುವ ಮುಂಚೆ 60 ಸೆಕೆಂಡು ಸುಮ್ಮನೆ ಕೇಳಬೇಕು. ಪ್ರಸಾರದ ನಡುವೆಯೂ ಕೇಳುತ್ತಲೇ ಇರಬೇಕು. 200 ಮಿಲಿವಾಟ್‌ಗಿಂತ ಕಡಿಮೆ ಇಐಆರ್‌ಪಿ ಇರುವ ಉಪಕರಣ ಮೈನಸ್ 62 ಡಿಬಿಎಂ, ಅದಕ್ಕೂ ಹೆಚ್ಚಿನದು ಮೈನಸ್ 64 ಡಿಬಿಎಂ ಮಟ್ಟದ ಪಲ್ಸ್‌ಗಳನ್ನು ಗುರುತಿಸಬೇಕು. ಗುರುತಿಸಿದ ಮೇಲೆ 10 ಸೆಕೆಂಡಿನೊಳಗೆ ಚಾನೆಲ್ ಬಿಡಬೇಕು. ಸಾಮಾನ್ಯ ದತ್ತಾಂಶ ಕಳಿಸಲು ಮೊದಲ 200 ಮಿಲಿಸೆಕೆಂಡಷ್ಟೇ ಅವಕಾಶ, ಉಳಿದ ಹೊತ್ತಿನಲ್ಲಿ ಚದುರಿದ ನಿಯಂತ್ರಣ ಸಂಕೇತಗಳೆಲ್ಲ ಸೇರಿ 60 ಮಿಲಿಸೆಕೆಂಡು. ಬಿಟ್ಟ ಚಾನೆಲ್‌ಗೆ 30 ನಿಮಿಷ ಮರಳುವಂತಿಲ್ಲ.

ಇವೆಲ್ಲದರ ಮೇಲೆ ಪಾರ್ಟ್ 15ರ ಮೂಲ ಸೂತ್ರ ಬೇರೆ ಇದೆ: ಲೈಸೆನ್ಸ್ ಇಲ್ಲದ ಉಪಕರಣ ಯಾರಿಗೂ ಹಾನಿಕರ ಅಡಚಣೆ ಮಾಡಬಾರದು, ತನಗಾಗುವ ಅಡಚಣೆ ಸಹಿಸಬೇಕು, ಎಫ್‌ಸಿಸಿ ಪ್ರತಿನಿಧಿ ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಎಲ್ಲ ಸೆಟ್ಟಿಂಗ್ ಸರಿಯಿದ್ದೂ ರಾಡಾರ್‌ಗೆ ತೊಂದರೆಯಾದರೆ "ನಮ್ಮದು ಸರ್ಟಿಫೈಡ್ ಪೆಟ್ಟಿಗೆ" ಎಂಬ ವಾದ ನಿಲ್ಲುವುದಿಲ್ಲ.

ಒಂದು ವಾಟ್ ಇಷ್ಟು ಕೆಡಿಸಬಲ್ಲದೆ?

250 ಕಿಲೋವಾಟ್ ರಾಡಾರ್‌ಗೆ ಒಂದು ವಾಟ್ ಏನು ಮಾಡೀತು ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕಿ ನೋಡೋಣ. ಟವರ್ ರಾಡಾರ್‌ನಿಂದ 10 ಕಿಲೋಮೀಟರ್ ದೂರದಲ್ಲಿದೆ, ನಡುವೆ ಅಡ್ಡ ಏನೂ ಇಲ್ಲ ಎಂದುಕೊಳ್ಳಿ. 5600 ಮೆಗಾಹರ್ಟ್ಸ್‌ನಲ್ಲಿ ಆ ದೂರಕ್ಕೆ ಬಯಲಿನ ನಷ್ಟ ಸುಮಾರು 127 ಡೆಸಿಬೆಲ್. 30 ಡಿಬಿಎಂ ಹೊರಟು, 127 ಕಳೆದು, ರಾಡಾರ್ ಆಂಟೆನಾದ 50 ಕೂಡಿದರೆ ಮೈನಸ್ 47 ಡಿಬಿಎಂ. ಇದು 20 ಮೆಗಾಹರ್ಟ್ಸ್ ಅಗಲದಲ್ಲಿ ಹರಡಿದ ಪವರ್. ರಾಡಾರ್ ರಿಸೀವರ್ ಕೇಳುವುದು ಸುಮಾರು 1 ಮೆಗಾಹರ್ಟ್ಸ್ ಅಗಲ. 13 ಡೆಸಿಬೆಲ್ ಕಳೆದರೆ ಮೈನಸ್ 60. ಆ ಅಗಲದಲ್ಲಿ ರಿಸೀವರ್‌ನ ಸ್ವಂತ ಗದ್ದಲ, ನಾಯ್ಸ್ ಫಿಗರ್ (ರಿಸೀವರ್ ತಾನೇ ಕೂಡಿಸುವ ಗದ್ದಲ) 3 ಡೆಸಿಬೆಲ್ ಎಂದಿಟ್ಟರೆ, ಮೈನಸ್ 111 ಡಿಬಿಎಂ. ಅಂದರೆ ವೈರ್‌ಲೆಸ್ ಸಂಕೇತ ಗದ್ದಲಕ್ಕಿಂತ 51 ಡೆಸಿಬೆಲ್, ಲಕ್ಷ ಪಟ್ಟಿಗೂ ಜೋರು. ರಾಡಾರ್ ಬೇರೆಡೆ ಮುಖ ಮಾಡಿ, ಪಾರ್ಶ್ವ ಕಿರಣದಲ್ಲಿ 30 ಡೆಸಿಬೆಲ್ ಕಡಿಮೆಯಾಗಿ ಕೇಳಿಸಿದರೂ ಗದ್ದಲದ ಮೇಲೆ 21 ಡೆಸಿಬೆಲ್ ಉಳಿಯುತ್ತದೆ. ಒಂದೇ ಟ್ರಾನ್ಸ್‌ಮಿಟರ್ ಇದ್ದೂ ಅಗಲವಾದ ಬೆಣೆಯಾಕಾರದ ಪಟ್ಟಿ ಮೂಡುವುದು ಇದರಿಂದಲೇ.

ಕಾನೂನಿನ ಮಿತಿಯೊಳಗಿನ ಲೆಕ್ಕ ಇದು. ಸ್ಥಿರ ಲಿಂಕ್ ಹಾಕುವವರು ಸಾಮಾನ್ಯವಾಗಿ ಎಡವುವುದು ಡಿಶ್ ವಿಷಯದಲ್ಲಿ. 5.8 ಗಿಗಾಹರ್ಟ್ಸ್ ಪಟ್ಟಿಯಲ್ಲಿ (5725ರಿಂದ ಮೇಲಕ್ಕೆ) ಇಬ್ಬರ ನಡುವಿನ ನೇರ ಲಿಂಕ್‌ಗೆ ಎಷ್ಟೇ ಗೇನ್‌ನ ಡಿಶ್ ಹಾಕಿದರೂ ಪವರ್ ಇಳಿಸಬೇಕಿಲ್ಲ. ಅದೇ ರೂಢಿಯಲ್ಲಿ 23 ಡಿಬಿಐ ಡಿಶ್ ಕಟ್ಟಿ ಚಾನೆಲ್ ಮಾತ್ರ 5.6ಕ್ಕೆ ಬದಲಿಸಿದರೆ? ನಿಯಮದ ಪ್ರಕಾರ ಪವರ್ 7 ಡಿಬಿಎಂಗೆ, ಅಂದರೆ 5 ಮಿಲಿವಾಟ್‌ಗೆ ಇಳಿಯಬೇಕು. 24ರಲ್ಲೇ ಬಿಟ್ಟರೆ ಇಐಆರ್‌ಪಿ 47 ಡಿಬಿಎಂ, 50 ವಾಟ್. ಮಿತಿಯ ಐವತ್ತು ಪಟ್ಟು. ಹೊರಗಿನಿಂದ ಡಿಶ್ ಜೋಡಿಸುವ ರೇಡಿಯೊಗಳಲ್ಲಿ ಆಂಟೆನಾ ಗೇನ್ ನಮೂದಿಸುವ ಒಂದು ಖಾನೆ ಇರುತ್ತದೆ. ಅದನ್ನು ಸೊನ್ನೆ ಅಂತ ಬಿಟ್ಟರೆ ಸಾಫ್ಟ್‌ವೇರ್‌ಗೆ ಏನೂ ಗೊತ್ತಾಗುವುದಿಲ್ಲ, ಪವರ್ ಇಳಿಸುವುದೂ ಇಲ್ಲ.

ಟವರ್‌ಗಳ ಮೇಲೆ ಕಂಡದ್ದು

ಮೂಲ ಹುಡುಕುವ ಕ್ರಮ ಸರಳ, ಆದರೆ ತಾಳ್ಮೆಯದು. ಗೆರೆಯ ಕೋನವನ್ನು ಎಫ್‌ಎಎ ಕೊಡುತ್ತದೆ. ಆ ಕೋನದ ಗೆರೆಯನ್ನು ನಕ್ಷೆಯ ಮೇಲೆಳೆದು, ರಾಡಾರ್ ಕಾಣುವಂಥ ಎತ್ತರದ ಕಟ್ಟಡ, ಗುಡ್ಡ, ಟವರ್‌ಗಳನ್ನು ಗುರುತಿಸಬೇಕು. ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಪವರ್ ಇದೆ ಎಂದು ತೋರಿಸುವ ಯಂತ್ರ) ಮತ್ತು ದಿಕ್ಕು ಹಿಡಿಯುವ ಆಂಟೆನಾ ಹೊತ್ತು ಅಲ್ಲಿಗೆ ಹೋಗಬೇಕು. ಸಂಶಯದ ರೇಡಿಯೊ ಸಿಕ್ಕಿದ ಮೇಲೆ ಅದರ ಮಾಲೀಕರನ್ನು ಕರೆಸಿ, ಆರಿಸಲು ಹೇಳಿ, ಅದೇ ಹೊತ್ತಿಗೆ ರಾಡಾರ್ ಪರದೆ ನೋಡುವವರೊಂದಿಗೆ ಫೋನಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಆರಿಸಿದಾಗ ಗೆರೆ ಹೋಗಿ, ಹಚ್ಚಿದಾಗ ಬಂದರೆ ಮುಗಿಯಿತು. ಈ ಕೊನೆಯ ಹೆಜ್ಜೆಯನ್ನು ಬಿಡುವಂತಿಲ್ಲ. ಒಂದೇ ಟವರ್‌ನಲ್ಲಿ ನಾಲ್ಕೈದು ಕಂಪನಿಗಳ ರೇಡಿಯೊ ಇರುವುದು ಮಾಮೂಲು, ಯಾರದೆಂದು ಹೇಳುವ ಬೇರೆ ದಾರಿಯಿಲ್ಲ.

ಪೋರ್ಟೊ ರಿಕೊದ ನೆಲವೂ ಇದಕ್ಕೆ ಅನುವಾಗಿತ್ತು. ದ್ವೀಪದ ನಡುವೆ ಪೂರ್ವ-ಪಶ್ಚಿಮವಾಗಿ ಕಾರ್ಡಿಲ್ಲೆರಾ ಸೆಂಟ್ರಲ್ ಬೆಟ್ಟಸಾಲು, ಉತ್ತರದ ತಗ್ಗಿನಲ್ಲಿ ರಾಜಧಾನಿ. ಬೆಟ್ಟದ ಮೇಲೊಂದು ರೇಡಿಯೊ ಇಟ್ಟರೆ ಕೆಳಗಿನ ಊರುಗಳೆಲ್ಲ ಕಾಣುತ್ತವೆ. ಊರಿನ ಜತೆಗೆ ರಾಡಾರ್ ಕೂಡ. ಎಫ್‌ಸಿಸಿ ಆಮೇಲೆ ಹೇಳಿದ್ದೂ ಇದನ್ನೇ: ತೊಂದರೆ ಬಂದ ಪ್ರತಿ ಊರಿನಲ್ಲೂ ಮೂಲ ಸಾವಿರಾರು ಮನೆಯ ರೂಟರ್‌ಗಳಲ್ಲ, ಎತ್ತರದಲ್ಲಿ ಕೂತು ರಾಡಾರ್‌ಗೆ ನೇರ ಕಾಣುವ, ಹೊರಾಂಗಣದ ಕೆಲವೇ ಕೆಲವು ಸ್ಥಿರ ಟ್ರಾನ್ಸ್‌ಮಿಟರ್‌ಗಳು.

ಅವುಗಳ ದೋಷ ಒಂದೇ ಬಗೆಯದಾಗಿರಲಿಲ್ಲ. ಕೆಲವು 5.8 ಪಟ್ಟಿಗೆ ಮಾತ್ರ ಪ್ರಮಾಣಪತ್ರ ಪಡೆದ ರೇಡಿಯೊಗಳು. ಒಳಗಿನ ಚಿಪ್ 5.6ರಲ್ಲೂ ಕೆಲಸ ಮಾಡುತ್ತದೆ, ಸಾಫ್ಟ್‌ವೇರ್‌ನಲ್ಲಿ ದೇಶದ ಆಯ್ಕೆ ಬದಲಿಸಿದರೆ ಸಾಕು, ಅಮೆರಿಕದಲ್ಲಿ ಮುಚ್ಚಿದ್ದ ಚಾನೆಲ್‌ಗಳು ತೆರೆದುಕೊಳ್ಳುತ್ತವೆ. ಪವರ್ ಮಿತಿಯೂ ಡಿಎಫ್‌ಎಸ್ ಕೂಡ ಹೊರಟುಹೋಗುತ್ತವೆ. ಇನ್ನು ಕೆಲವು ಸರಿಯಾದ ಪ್ರಮಾಣಪತ್ರದವು, ಆದರೆ ಡಿಎಫ್‌ಎಸ್ ಬಂದ್ ಮಾಡಿದ್ದರು. ಬಂದ್ ಮಾಡಲು ವ್ಯಾವಹಾರಿಕ ಕಾರಣವಿತ್ತು ಎಂಬುದನ್ನು ಮರೆಯಬಾರದು. ಡಿಎಫ್‌ಎಸ್ ಆಗಾಗ ಇಲ್ಲದ ರಾಡಾರ್ ಕಾಣುತ್ತದೆ: ಪಕ್ಕದ ರೇಡಿಯೊದ ಚಿಕ್ಕ ಪ್ಯಾಕೆಟ್‌ಗಳೂ ಅದಕ್ಕೆ ಪಲ್ಸ್‌ನಂತೆ ತೋರುತ್ತವೆ. ಒಮ್ಮೆ ಹಾಗೆ ತಪ್ಪಾಗಿ ಕಂಡರೂ ಇಡೀ ಸೆಕ್ಟರ್‌ನ (ಟವರ್‌ನ ಒಂದು ಆಂಟೆನಾ ನೋಡಿಕೊಳ್ಳುವ ಪ್ರದೇಶದ) ಗ್ರಾಹಕರು ಕಡಿದುಹೋಗುತ್ತಾರೆ, ಹೊಸ ಚಾನೆಲ್‌ನಲ್ಲಿ ಮತ್ತೆ 60 ಸೆಕೆಂಡು ಮೌನ, ಹಳೆಯದು ಅರ್ಧ ಗಂಟೆ ನಿಷಿದ್ಧ. ದಿನಕ್ಕೆ ನಾಲ್ಕು ಸಲ ಹೀಗಾದರೆ ಗ್ರಾಹಕರ ಫೋನ್ ಎತ್ತುವವರು ಬೇಸತ್ತು ಸೆಟ್ಟಿಂಗ್‌ನಲ್ಲಿ ಡಿಎಫ್‌ಎಸ್ ಗುರುತನ್ನು ತೆಗೆದುಹಾಕುತ್ತಾರೆ. ತೆಗೆಯಲು ಬರುವಂತೆ ಅದನ್ನು ಮೆನುವಿನಲ್ಲಿ ಇಟ್ಟವರ ಪಾಲೂ ಇದರಲ್ಲಿದೆ.

ಹೆಚ್ಚು ತಲೆನೋವು ತಂದದ್ದು ಮೂರನೆಯ ಬಗೆ: ಡಿಎಫ್‌ಎಸ್ ಹಚ್ಚಿದ್ದರೂ ರಾಡಾರ್ ಕಾಣದ ಪೆಟ್ಟಿಗೆಗಳು. ಇದು ಪವರ್ ಸಾಲದ ಸಮಸ್ಯೆಯಲ್ಲ. 250 ಕಿಲೋವಾಟ್ ಎಂದರೆ 84 ಡಿಬಿಎಂ, ಆಂಟೆನಾ ಸೇರಿ 134. 10 ಕಿಲೋಮೀಟರ್ ದೂರದಲ್ಲಿ ಗೇನ್ ಇಲ್ಲದ ಆಂಟೆನಾಗೂ ಪ್ಲಸ್ 7 ಡಿಬಿಎಂ ಬೀಳುತ್ತದೆ. ಮೈನಸ್ 64ರ ಹೊಸ್ತಿಲಿಗೆ ಹೋಲಿಸಿದರೆ ಅದು ಕಿವುಡಾಗಿಸುವಷ್ಟು. ಸಮಸ್ಯೆ ಹೊತ್ತಿನದು. ರಾಡಾರ್ ಸೆಕೆಂಡಿಗೆ 20 ಡಿಗ್ರಿ ತಿರುಗುತ್ತಿದ್ದರೆ 0.55 ಡಿಗ್ರಿಯ ಕಿರಣ ಟವರ್ ಮೇಲೆ ಇರುವುದು 27 ಮಿಲಿಸೆಕೆಂಡು. ಸೆಕೆಂಡಿಗೆ ಸಾವಿರ ಪಲ್ಸ್ ಎಂದರೆ ಅಷ್ಟರಲ್ಲಿ 27 ಪಲ್ಸ್, ಪ್ರತಿಯೊಂದೂ ಒಂದು ಮೈಕ್ರೋಸೆಕೆಂಡಿನಷ್ಟು. ಆ ಹೊತ್ತಿನಲ್ಲಿ ರೇಡಿಯೊ ತಾನೇ ಪ್ರಸಾರ ಮಾಡುತ್ತಿದ್ದರೆ ಕೇಳುವುದೇ ಇಲ್ಲ. ಸಂಜೆಯ ಹೊತ್ತು ಮುಕ್ಕಾಲು ಪಾಲು ತುಂಬಿದ ಸೆಕ್ಟರ್‌ನಲ್ಲಿ ಸಿಗುವ ಬಿಡುವಿನಲ್ಲಿ ಆರೇಳು ಪಲ್ಸ್ ಬಿದ್ದರೆ ಹೆಚ್ಚು, ಅವುಗಳ ನಡುವಿನ ಅಂತರವೂ ಚದುರಿಹೋಗಿರುತ್ತದೆ.

ಪರೀಕ್ಷೆಯ ರೂಪ ಇದಕ್ಕೆ ಇಂಬು ಕೊಟ್ಟಿತು. ಎಫ್‌ಸಿಸಿ ಪರೀಕ್ಷೆಯ ಮೊದಲ ಬಗೆಯ ರಾಡಾರ್ ಸಂಕೇತ ಎಂದರೆ 1 ಮೈಕ್ರೋಸೆಕೆಂಡಿನ 18 ಪಲ್ಸ್, ಎರಡರ ನಡುವೆ 1428 ಮೈಕ್ರೋಸೆಕೆಂಡು, ಸದಾ ಅಷ್ಟೇ. ಆ ಒಂದು ಲಯಕ್ಕೆ ಹೊಂದುವಂತೆ ಫರ್ಮ್‌ವೇರ್ (ಉಪಕರಣದೊಳಗಿನ ಸಾಫ್ಟ್‌ವೇರ್) ಬರೆದರೆ ಪ್ರಮಾಣಪತ್ರ ಸಿಗುತ್ತದೆ. ನಿಜವಾದ ಟಿಡಿಡಬ್ಲ್ಯುಆರ್ ಬೇರೆ ಬೇರೆ ಅಂತರಗಳಲ್ಲಿ ಪಲ್ಸ್ ಕಳಿಸುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿದ್ದ ಪರೀಕ್ಷೆ ಅದು. ಎನ್‌ಟಿಐಎ 2010ರ ದಶಕದ ಆರಂಭದಲ್ಲಿ ಮೂರು ಭಾಗಗಳ ತಾಂತ್ರಿಕ ವರದಿ ಪ್ರಕಟಿಸಿ ಕ್ಷೇತ್ರದ ಅಳತೆಗಳನ್ನೂ ಉಪಕರಣಗಳ ವರ್ತನೆಯನ್ನೂ ದಾಖಲಿಸಿತು.

35 ಕಿಲೋಮೀಟರ್, 30 ಮೆಗಾಹರ್ಟ್ಸ್

2010ರ ಜುಲೈನಲ್ಲಿ ಎಫ್‌ಸಿಸಿ ತಯಾರಕರಿಗೂ ಸೇವೆ ನೀಡುವವರಿಗೂ ಬಹಿರಂಗ ಪತ್ರ ಬರೆಯಿತು. ಜತೆಗೆ ಬಂದ ಮಧ್ಯಂತರ ಮಾರ್ಗಸೂಚಿಯ ತಿರುಳು ಎರಡು ಮಾತು. ಹೊಸ ಉಪಕರಣಗಳು 5600–5650ರಲ್ಲಿ ಪ್ರಸಾರ ಮಾಡದಂತೆ ಕಾರ್ಖಾನೆಯಲ್ಲೇ ಬೀಗ ಹಾಕಿರಬೇಕು. ರಾಡಾರ್‌ನಿಂದ 35 ಕಿಲೋಮೀಟರ್ ಒಳಗೆ ಹೊರಾಂಗಣದಲ್ಲಿ ಇಡುವ ಮುಖ್ಯ ಉಪಕರಣದ ಚಾನೆಲ್ ಮಧ್ಯಬಿಂದು, ರಾಡಾರ್ ಫ್ರೀಕ್ವೆನ್ಸಿಯಿಂದ ಕನಿಷ್ಠ 30 ಮೆಗಾಹರ್ಟ್ಸ್ ಆಚೆ ಇರಬೇಕು. ವೈರ್‌ಲೆಸ್ ಸೇವಾದಾರರ ಸಂಘ ಸ್ವಯಂಪ್ರೇರಿತ ನೋಂದಣಿಗೆ ಒಂದು ದತ್ತಾಂಶ ಕೋಶವನ್ನೂ ತೆರೆಯಿತು. ರಾಡಾರ್‌ಗಳ ಅಕ್ಷಾಂಶ, ರೇಖಾಂಶ, ಎತ್ತರ, ಫ್ರೀಕ್ವೆನ್ಸಿ ಇರುವ ಪಟ್ಟಿ ಬಹಿರಂಗವಾಗಿ ಸಿಗುತ್ತದೆ.

ಈ ಎರಡು ಅಂಕಿಗಳನ್ನು ಮೇಲಿನ ಲೆಕ್ಕಕ್ಕೆ ಹಾಕಿ ನೋಡಿದರೆ ಮಜವಾಗಿದೆ. 20 ಮೆಗಾಹರ್ಟ್ಸ್ ವೈ-ಫೈ ಸಂಕೇತದ ಅಂಚು ಗೋಡೆಯಂತೆ ಕಡಿದಿರುವುದಿಲ್ಲ. ಮಾನಕದ ಪ್ರಕಾರ ಮಧ್ಯದಿಂದ 11 ಮೆಗಾಹರ್ಟ್ಸ್ ದೂರದಲ್ಲಿ 20, 20 ಮೆಗಾಹರ್ಟ್ಸ್ ದೂರದಲ್ಲಿ 28, 30 ಮೆಗಾಹರ್ಟ್ಸ್ ದೂರದಲ್ಲಿ 40 ಡೆಸಿಬೆಲ್ ಇಳಿದಿದ್ದರೆ ಸಾಕು. 10 ಕಿಲೋಮೀಟರ್‌ನಲ್ಲಿ ಮೈನಸ್ 60 ಇದ್ದದ್ದು 30 ಮೆಗಾಹರ್ಟ್ಸ್ ಸರಿದರೆ ಮೈನಸ್ 100. 35 ಕಿಲೋಮೀಟರ್‌ಗೆ ಹೋದರೆ ಇನ್ನೂ 11 ಕಳೆದು ಮೈನಸ್ 111. ರಿಸೀವರ್‌ನ ಗದ್ದಲದ ಮಟ್ಟಕ್ಕೆ ಸರಿಯಾಗಿ ಬಂದು ನಿಂತಿತು. ಎಫ್‌ಸಿಸಿ ಹೀಗೇ ಲೆಕ್ಕ ಹಾಕಿತ್ತು ಎಂದು ಹೇಳುತ್ತಿಲ್ಲ, ಆದರೆ ಅಂಕಿಗಳು ಗಾಳಿಯಲ್ಲಿ ತೇಲಿ ಬಂದವಲ್ಲ ಎಂಬುದಕ್ಕೆ ಇಷ್ಟು ಸಾಕು. ಇನ್ನೊಂದು ಸಂಗತಿಯೂ ಇಲ್ಲೇ ಹೊರಬೀಳುತ್ತದೆ: 10 ಕಿಲೋಮೀಟರ್‌ನಲ್ಲಿರುವ ಟವರ್ 30 ಮೆಗಾಹರ್ಟ್ಸ್ ಸರಿದರೂ ಗದ್ದಲಕ್ಕಿಂತ 11 ಡೆಸಿಬೆಲ್ ಮೇಲಿರಬಹುದು. 30 ಎಂಬುದು ಕನಿಷ್ಠ ಮಿತಿ. ಸಮೀಪದ ಟವರ್‌ಗೆ ಇನ್ನೂ ದೂರ ಸರಿಯುವುದೇ ಬುದ್ಧಿವಂತಿಕೆ.

ಸ್ಯಾನ್ ಹುವಾನ್‌ಗೆ ಇದರ ಪರಿಣಾಮ ಏನು? 5610ರ ಎರಡೂ ಬದಿ 30 ಬಿಟ್ಟರೆ 5580ರಿಂದ ಕೆಳಗೆ ಅಥವಾ 5640ರಿಂದ ಮೇಲೆ. ಚಾನೆಲ್ 116 (5580) ಗಡಿಯ ಮೇಲೆ ನಿಂತು ಪಾಸು. 120 (5600) ಮತ್ತು 124 (5620) ಖಂಡಿತ ಇಲ್ಲ. 128 (5640) ಅಂತರದ ಲೆಕ್ಕದಲ್ಲಿ ಪಾಸಾದರೂ ಅದರ ಮೈ 5630–5650ರಲ್ಲಿ, ಆಗ ಬೀಗ ಹಾಕಿದ್ದ ಪಟ್ಟಿಯೊಳಗೇ ಇತ್ತು. 132 (5660) ಸರಿ. 116ನ್ನು 120ರೊಂದಿಗೆ ಸೇರಿಸಿ 40 ಮೆಗಾಹರ್ಟ್ಸ್ ಮಾಡಿದರೆ ಮಧ್ಯಬಿಂದು 5590, ಮೈ 5610ರವರೆಗೆ ಚಾಚುತ್ತದೆ, ಇಲ್ಲ. 80 ಮೆಗಾಹರ್ಟ್ಸ್‌ನ ಚಾನೆಲ್ 122ರ ಮಧ್ಯಬಿಂದು ರಾಡಾರ್‌ನದೇ 5610. 160 ಮೆಗಾಹರ್ಟ್ಸ್‌ನ 114 ಆವರಿಸುವುದು 5490–5650. ಅಗಲವಾದ ಚಾನೆಲ್‌ನ ಆಸೆಗೆ ಮೊದಲು ಬಲಿಯಾಗುವುದು ಈ ಲೆಕ್ಕ. "ಪ್ರೈಮರಿ ಚಾನೆಲ್ 116 ಇಟ್ಟಿದ್ದೇನೆ" ಎನ್ನುವ ತಂತ್ರಜ್ಞನಿಗೆ ತನ್ನ ರೇಡಿಯೊ ಮೇಲ್ಗಡೆ ಎಲ್ಲಿಯವರೆಗೆ ಹರಡಿದೆ ಎಂಬುದು ಹಲವು ಬಾರಿ ತಿಳಿದಿರುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟು: ಜಾಣ ಪತ್ತೆ ವ್ಯವಸ್ಥೆಗಿಂತ ಈ ಮೊಂಡು ನಿಯಮವೇ ವಾಸಿ. ಡಿಎಫ್‌ಎಸ್ ಕೆಲಸ ಮಾಡುತ್ತಿದೆಯೇ ಎಂದು ಟವರ್ ಬುಡದಲ್ಲಿ ನಿಂತು ಪರೀಕ್ಷಿಸುವುದು ಕಷ್ಟ. 35 ಕಿಲೋಮೀಟರ್ ಒಳಗಿದ್ದೇವೆಯೇ, ಮಧ್ಯಬಿಂದು 30 ಮೆಗಾಹರ್ಟ್ಸ್ ಆಚೆ ಇದೆಯೇ ಎಂದು ನಕ್ಷೆ ಹಿಡಿದ ಯಾರೂ ಎರಡು ನಿಮಿಷದಲ್ಲಿ ಹೇಳಬಹುದು. ಸ್ಥಿರ ರಾಡಾರ್‌ಗೆ ಸ್ಥಿರ ಗಡಿ ಹೊಂದುತ್ತದೆ. ಚಲಿಸುವ ಸೇನಾ ರಾಡಾರ್‌ಗೆ ಮಾತ್ರ ಡಿಎಫ್‌ಎಸ್ ಬಿಟ್ಟರೆ ಗತಿಯಿಲ್ಲ. ಎರಡು ಬೇರೆ ಸಮಸ್ಯೆಗಳಿಗೆ ಒಂದೇ ಮದ್ದು ಕೊಟ್ಟದ್ದು 2003ರ ನಿಯಮದ ಕೊರತೆ.

ದಂಡ, ಮತ್ತೆ ನಿಯಮ, ಮತ್ತೆ ದಂಡ

ಪತ್ರದ ಜತೆಗೆ ದಂಡದ ನೋಟಿಸುಗಳೂ ಹೊರಟವು. ಅನುಮತಿಯಿಲ್ಲದ ಪ್ರಸಾರಕ್ಕೆ ಎಫ್‌ಸಿಸಿಯ ಮೂಲ ದಂಡ 10,000 ಡಾಲರ್, ಅಡಚಣೆಗೆ 7,000. ಸಂದರ್ಭ ನೋಡಿ ಏರಿಸುತ್ತಾರೆ. ಇಲ್ಲಿನ ಕಾನೂನು ತರ್ಕ ಗಮನಿಸುವಂಥದ್ದು. ಪಾರ್ಟ್ 15ರ ಷರತ್ತು ಪಾಲಿಸಿದರೆ ಮಾತ್ರ ಲೈಸೆನ್ಸ್‌ನಿಂದ ವಿನಾಯಿತಿ. ಷರತ್ತು ಮುರಿದ ಕ್ಷಣ ವಿನಾಯಿತಿ ಬಿದ್ದುಹೋಗಿ, ಅದು ಲೈಸೆನ್ಸ್ ಇಲ್ಲದೆ ನಡೆಸಿದ ರೇಡಿಯೊ ಕೇಂದ್ರವಾಗುತ್ತದೆ. ಡಿಎಫ್‌ಎಸ್ ಗುರುತು ತೆಗೆದದ್ದು ಬರೀ ಸೆಟ್ಟಿಂಗ್ ತಪ್ಪಲ್ಲ, ಸಂವಹನ ಕಾಯ್ದೆಯ 301ನೇ ಸೆಕ್ಷನ್‌ನ ಉಲ್ಲಂಘನೆ. 2013ರಲ್ಲಿ ಒಂದು ದೊಡ್ಡ ವೈರ್‌ಲೆಸ್ ಕಂಪನಿಗೆ ಪ್ರಸ್ತಾಪಿಸಿದ ದಂಡ 2,02,000 ಡಾಲರ್‌ಗೆ ಏರಿತು.

2014ರ ವಸಂತದಲ್ಲಿ ಎಫ್‌ಸಿಸಿ ಇಡೀ 5 ಗಿಗಾಹರ್ಟ್ಸ್ ನಿಯಮಗಳನ್ನು ತಿದ್ದಿತು. ಪರೀಕ್ಷೆಯ ಮೊದಲ ಬಗೆಯ ಪಲ್ಸ್ ಅಂತರ ಇನ್ನು ಸ್ಥಿರವಲ್ಲ, 518ರಿಂದ 3066 ಮೈಕ್ರೋಸೆಕೆಂಡುಗಳ ನಡುವೆ ಯಾದೃಚ್ಛಿಕ. ಮೂರನೆಯವರು ಸಾಫ್ಟ್‌ವೇರ್ ಬದಲಿಸಿ ಪ್ರಮಾಣಪತ್ರದ ಹೊರಗಿನ ಫ್ರೀಕ್ವೆನ್ಸಿ, ಪವರ್ ಬಳಸದಂತೆ ತಯಾರಕರೇ ಭದ್ರತೆ ಕಟ್ಟಬೇಕು. ಈ ಷರತ್ತಿನ ಬಲದ ಮೇಲೆ 5600–5650ರ ಬೀಗ ತೆಗೆದು ಡಿಎಫ್‌ಎಸ್ ಸಮೇತ ಮತ್ತೆ ತೆರೆಯಲಾಯಿತು. 5150–5250 ಪಟ್ಟಿಗಿದ್ದ ಒಳಾಂಗಣದ ಕಟ್ಟು ಕೂಡ ಸಡಿಲವಾಯಿತು: ಹೊರಗೆ 1 ವಾಟ್‌ವರೆಗೆ ಇಡಬಹುದು, ಆದರೆ ದಿಗಂತದಿಂದ 30 ಡಿಗ್ರಿಗಿಂತ ಮೇಲಕ್ಕೆ ಹೋಗುವ ಇಐಆರ್‌ಪಿ 125 ಮಿಲಿವಾಟ್ ದಾಟಬಾರದು, ಏಕೆಂದರೆ ಮೇಲೆ ಉಪಗ್ರಹ ಕೇಳುತ್ತಿರುತ್ತದೆ.

ಸಾಫ್ಟ್‌ವೇರ್ ಬೀಗದ ಷರತ್ತು ಮುಂದೆ ಜಗಳಕ್ಕೂ ಕಾರಣವಾಯಿತು. ಕೆಲ ತಯಾರಕರು ರೇಡಿಯೊ ಭಾಗಕ್ಕೆ ಮಾತ್ರ ಬೀಗ ಹಾಕುವ ಬದಲು ಇಡೀ ಫರ್ಮ್‌ವೇರ್‌ಗೇ ಬಾಗಿಲು ಜಡಿದರು. ಮುಕ್ತ ಸಾಫ್ಟ್‌ವೇರ್ ಹಾಕಿಕೊಳ್ಳುವವರು ಸಿಟ್ಟಾದರು. 2016ರಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ ದೇಶ ಬದಲಿಸಿ ಪವರ್ ಏರಿಸಲು ಬಿಟ್ಟಿದ್ದ ಒಬ್ಬ ರೂಟರ್ ತಯಾರಕರು 2,00,000 ಡಾಲರ್ ಕೊಟ್ಟು ರಾಜಿಯಾದಾಗ, ಮುಕ್ತ ಸಾಫ್ಟ್‌ವೇರ್‌ಗೆ ಅವಕಾಶ ಹುಡುಕಬೇಕೆಂಬ ಮಾತನ್ನೂ ಎಫ್‌ಸಿಸಿ ಒಪ್ಪಂದದಲ್ಲಿ ಸೇರಿಸಿತು. ತಡವಾದರೂ ಸರಿಯಾದ ತಿದ್ದುಪಡಿ.

ಇಷ್ಟೆಲ್ಲ ಆದ ಮೇಲೆ, 2019ರಲ್ಲಿ, ಮತ್ತದೇ ಸ್ಯಾನ್ ಹುವಾನ್ ರಾಡಾರ್‌ಗೆ ಅಡ್ಡಿ ಮಾಡಿದ ಪೋರ್ಟೊ ರಿಕೊದ ಮೂರು ಇಂಟರ್‌ನೆಟ್ ಕಂಪನಿಗಳಿಗೆ ತಲಾ 25,000 ಡಾಲರ್ ದಂಡದ ಪ್ರಸ್ತಾಪ ಹೊರಟಿತು. ಹೊಸ ಪೆಟ್ಟಿಗೆಗಳಿಗೆ ಹೊಸ ನಿಯಮ ಬಂದರೂ ಟವರ್ ಮೇಲಿನ ಹಳೆಯ ಪೆಟ್ಟಿಗೆ ಇಳಿಯುವುದಿಲ್ಲ. ದ್ವೀಪದಲ್ಲಿ ಗಿರಾಕಿಗಾಗಿ ಚಾನೆಲ್‌ಗಳ ನೂಕುನುಗ್ಗಲು ಇದ್ದೇ ಇದೆ.

ಇಂಥ ಜಾಗದಲ್ಲಿ ಲಿಂಕ್ ಹಾಕುವವರು ಮಾಡಬೇಕಾದ್ದು

ಮೊದಲು ಪೆಟ್ಟಿಗೆಯ ಹಿಂಬದಿಯ ಎಫ್‌ಸಿಸಿ ಗುರುತು ಸಂಖ್ಯೆ ಹಿಡಿದು ಪ್ರಮಾಣಪತ್ರ ತೆರೆಯಬೇಕು. ಅದರಲ್ಲಿ ಫ್ರೀಕ್ವೆನ್ಸಿ ಪಟ್ಟಿ, ಪವರ್, ಯಾವ ಬಗೆಯ ಮತ್ತು ಎಷ್ಟು ಗೇನ್‌ನ ಆಂಟೆನಾ ಎಂದು ಬರೆದಿರುತ್ತದೆ. ಪಟ್ಟಿಯಲ್ಲಿಲ್ಲದ ಬಗೆಯ ಅಥವಾ ಹೆಚ್ಚು ಗೇನ್‌ನ ಆಂಟೆನಾ ಕಟ್ಟಿದರೆ ಪ್ರಮಾಣಪತ್ರ ಆ ಜೋಡಣೆಗೆ ಅನ್ವಯಿಸುವುದಿಲ್ಲ. ದೇಶದ ಸೆಟ್ಟಿಂಗ್ ಸರಿಯಿದೆಯೇ, ಆಂಟೆನಾ ಗೇನ್ ಖಾನೆಯಲ್ಲಿ ನಿಜವಾದ ಅಂಕಿ ಇದೆಯೇ ನೋಡಿ, ಕೇಬಲ್ ನಷ್ಟ ಕಳೆದು ಇಐಆರ್‌ಪಿಯನ್ನು ಕೈಲೆಕ್ಕದಲ್ಲಿ ಹಾಕಬೇಕು. ಪರದೆ ತೋರಿಸುವ ಅಂಕಿಯನ್ನು ನಂಬುವುದು ಬೇಡ.

ಆಮೇಲೆ ನಕ್ಷೆ. ಟವರ್‌ನಿಂದ ರಾಡಾರ್‌ಗೆ ದೂರ, ನೇರ ನೋಟ ಇದೆಯೇ ಎಂಬ ಎತ್ತರದ ಪರಿಶೀಲನೆ. 35 ಕಿಲೋಮೀಟರ್‌ನ ಆಚೆ ಎತ್ತರದ ಗುಡ್ಡದಲ್ಲಿದ್ದು ರಾಡಾರ್ ಕಾಣುತ್ತಿದ್ದರೂ ಅದೇ ಎಚ್ಚರ ಬೇಕು. ಅಡಚಣೆ ಮಾಡಬಾರದೆಂಬ ಮೂಲ ಸೂತ್ರಕ್ಕೆ ಕಿಲೋಮೀಟರ್ ಗಡಿಯಿಲ್ಲ. ತಾನಾಗಿ ಚಾನೆಲ್ ಆರಿಸುವ ಸೌಲಭ್ಯ ಇದ್ದರೆ ಅದರ ಪಟ್ಟಿಯಿಂದ 120, 124, 128ನ್ನು ತೆಗೆದುಹಾಕಬೇಕು. ಇಲ್ಲವಾದರೆ ಕೈಯಾರೆ ಇಟ್ಟ ಒಳ್ಳೆಯ ಚಾನೆಲ್ ಒಂದು ರಾತ್ರಿ ತಾನಾಗಿ ರಾಡಾರ್ ಮೇಲೆ ಹೋಗಿ ಕೂರುತ್ತದೆ. ಫರ್ಮ್‌ವೇರ್ ಹೊಸದು ಮಾಡಿದ ಮೇಲೆ, ಕಾರ್ಖಾನೆ ಸ್ಥಿತಿಗೆ ಮರಳಿಸಿದ ಮೇಲೆ ಇದನ್ನೆಲ್ಲ ಮತ್ತೆ ನೋಡಬೇಕು. ಲಿಂಕ್‌ನ ಎರಡೂ ತುದಿಯನ್ನು ಪರಿಶೀಲಿಸಬೇಕು. ಗ್ರಾಹಕರ ಮನೆಯ ರೇಡಿಯೊ ರಾಡಾರ್ ಕಡೆಗೇ ಮುಖ ಮಾಡಿರಬಹುದು.

ಭಾರತದಲ್ಲಿ 2018ರ ಅಕ್ಟೋಬರ್ 22ರ ಅಧಿಸೂಚನೆ ಇದೇ 5470–5725ನ್ನೂ ಸೇರಿಸಿ 5 ಗಿಗಾಹರ್ಟ್ಸ್‌ನಲ್ಲಿ ಒಟ್ಟು 605 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್‌ನಿಂದ ಮುಕ್ತಗೊಳಿಸಿತು, ಹೊರಾಂಗಣಕ್ಕೂ. ಷರತ್ತಿನ ಒಕ್ಕಣೆ ಅಮೆರಿಕದ್ದನ್ನೇ ಹೋಲುತ್ತದೆ: ಅಡಚಣೆ ಮಾಡುವಂತಿಲ್ಲ, ರಕ್ಷಣೆ ಕೇಳುವಂತಿಲ್ಲ, ಹಂಚಿಕೊಂಡು ಬಳಸಬೇಕು, ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಟೈಪ್ ಅನುಮೋದನೆ ಬೇಕು. ಮಲೆನಾಡಿನ ಗುಡ್ಡದಿಂದ ಗುಡ್ಡಕ್ಕೆ ಲಿಂಕ್ ಎಳೆಯುವವರೂ, ಬೆಂಗಳೂರಿನ ಅಪಾರ್ಟ್‌ಮೆಂಟ್ ಮಾಡುಗಳ ಮೇಲೆ ಡಿಶ್ ತಿರುಗಿಸುವವರೂ ಬಳಸುವುದು ಬಹುಪಾಲು ಅದೇ ಜಾತಿಯ ಪೆಟ್ಟಿಗೆಗಳು, ಅದೇ ದೇಶದ ಮೆನು. ದೇಶದ ಹವಾಮಾನ ಇಲಾಖೆಗೂ ಸಿ-ಬ್ಯಾಂಡ್ (ಇದೇ 5 ಗಿಗಾಹರ್ಟ್ಸ್ ಆಸುಪಾಸಿನ) ಡಾಪ್ಲರ್ ರಾಡಾರ್‌ಗಳಿವೆ, ದೆಹಲಿ ಮತ್ತು ಜೈಪುರದಲ್ಲಿರುವಂತೆ. ಪವರ್ ಹೆಚ್ಚು ಸಿಗುತ್ತದೆಂದು ಮೆನುವಿನಲ್ಲಿ ಬೇರೆ ದೇಶ ಆರಿಸುವವರು, ಆ ದೇಶದ ಚಾನೆಲ್ ಪಟ್ಟಿಯ ಜತೆ ಅಲ್ಲಿನ ಡಿಎಫ್‌ಎಸ್ ವರ್ತನೆಯನ್ನೂ ತಂದುಕೊಳ್ಳುತ್ತಾರೆ. ಭಾರತ ಎಂದು ಆರಿಸಿ, ಲಾಗ್‌ನಲ್ಲಿ ರಾಡಾರ್ ಕಂಡ ಸಾಲುಗಳು ಯಾವ ಚಾನೆಲ್‌ನಲ್ಲಿ, ಯಾವ ಹೊತ್ತಿಗೆ ಬೀಳುತ್ತಿವೆ ಎಂದು ಒಂದು ವಾರ ಬರೆದಿಟ್ಟು, ಪದೇ ಪದೇ ಬೀಳುವ ಚಾನೆಲ್ ಅನ್ನು ಪಟ್ಟಿಯಿಂದಲೇ ತೆಗೆಯುವುದು ಸರಿಯಾದ ಕ್ರಮ.